ಸಮಾಜಸೇವೆಗಾಗಿ ಕಾಲೇಜನ್ನು ಗೌರವಿಸುವುದಾದರೆ ಅಳೆಯಬೇಕಾದದ್ದು ಯಾವುದನ್ನು?

ಪ್ರಶ್ನೆ: ಕಾರ್ಯಕ್ರಮಾಧಿಕಾರಿ, ದಾವಣಗೆರೆ

ನಾನು ದಾವಣಗೆರೆಯ ಪದವಿ ಕಾಲೇಜೊಂದರಲ್ಲಿ ಅಧ್ಯಾಪಕ. ನಾಲ್ಕು ವರ್ಷಗಳಿಂದ ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್‌ಎಸ್‌ಎಸ್ ಘಟಕದ ಹೊಣೆ ನನ್ನ ಮೇಲಿದೆ. ನಮ್ಮ ಭಾಗದ ಕೆಲವು ಹಳೆಯ ಸ್ವಯಂಸೇವಕರೂ ನಿವೃತ್ತ ಅಧ್ಯಾಪಕರೂ ಕೂಡಿ, ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಕಾಲೇಜುಗಳ ಪೈಕಿ ವಿದ್ಯಾರ್ಥಿಗಳ ಸಮಾಜಸೇವೆಯಲ್ಲಿ ನಿಜವಾಗಿ ತೊಡಗಿರುವ ಒಂದು ಕಾಲೇಜನ್ನು ಪ್ರತಿವರ್ಷ ಗುರುತಿಸಿ ಗೌರವಿಸಬೇಕೆಂದು ಹೊರಟಿದ್ದಾರೆ. ಅದಕ್ಕೆ ಮಾನದಂಡಗಳ ಕರಡು ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ.

ಇಂಥ ಮನ್ನಣೆ ಹೊಸದಲ್ಲ. 1969ರಲ್ಲಿ, ಗಾಂಧೀಜಿಯವರ ಜನ್ಮಶತಮಾನೋತ್ಸವದ ವರ್ಷ, 37 ವಿಶ್ವವಿದ್ಯಾನಿಲಯಗಳಲ್ಲಿ ಆರಂಭವಾದ ಎನ್‌ಎಸ್‌ಎಸ್ ತನ್ನ ಬೆಳ್ಳಿಹಬ್ಬದ ಹೊತ್ತಿಗೆ, ಅಂದರೆ 1993-94ರಿಂದ, ರಾಷ್ಟ್ರ ಪ್ರಶಸ್ತಿಗಳನ್ನು ಕೊಡುತ್ತಿದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮೌಲ್ಯಮಾಪನದಲ್ಲಿಯೂ ವಿಸ್ತರಣಾ ಚಟುವಟಿಕೆಗಳಿಗೆ, ಅಂದರೆ ಕಾಲೇಜಿನ ಹೊರಗೆ ಸಮಾಜಕ್ಕಾಗಿ ಮಾಡುವ ಕೆಲಸಗಳಿಗೆ, ಮಹತ್ವವಿದೆ. ಇವನ್ನೆಲ್ಲ ಮುಂದಿಟ್ಟುಕೊಂಡು ನಾನೂ ಒಂದು ಪಟ್ಟಿ ಮಾಡಿದೆ: ವರ್ಷದಲ್ಲಿ ನಡೆದ ಕಾರ್ಯಕ್ರಮಗಳೆಷ್ಟು, ಭಾಗವಹಿಸಿದ ವಿದ್ಯಾರ್ಥಿಗಳೆಷ್ಟು, ಸಂಗ್ರಹವಾದ ರಕ್ತದ ಯೂನಿಟ್‌ಗಳೆಷ್ಟು, ನೆಟ್ಟ ಸಸಿಗಳೆಷ್ಟು, ಪತ್ರಿಕೆಗಳಲ್ಲಿ ಬಂದ ವರದಿಗಳೆಷ್ಟು.

ಪಟ್ಟಿ ಮುಗಿಸಿದ ರಾತ್ರಿಯೇ ಅದರ ಮೇಲೆ ನನಗೆ ನಂಬಿಕೆ ಹೋಯಿತು. ಎರಡು ವರ್ಷಗಳ ಹಿಂದೆ ಜಗಳೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಮ್ಮ ವಾರ್ಷಿಕ ವಿಶೇಷ ಶಿಬಿರ ನಡೆದಿತ್ತು. ಐವತ್ತು ಮಕ್ಕಳು ಎರಡು ದಿನ ಬಿಸಿಲಿನಲ್ಲಿ ನಿಂತು ಗೋಕಟ್ಟೆಯ ಹೂಳು ತೆಗೆದರು. ಎಮ್ಮೆಗೆ ನೀರು ಕುಡಿಸಲು ಬಂದ ಅಜ್ಜಿಯೊಬ್ಬರು ಸ್ವಲ್ಪ ಹೊತ್ತು ನೋಡಿ, ಹಿಂದೆ ಬಂದಿದ್ದ ಬೇರೆ ಕಾಲೇಜಿನವರೂ ಇದೇ ಹೂಳನ್ನು ತೆಗೆದು ಇದೇ ದಂಡೆಯ ಮೇಲೆ ಹಾಕಿ ಹೋಗಿದ್ದರು, ಮಳೆ ಬಂದಾಗ ಅಷ್ಟೂ ಮಣ್ಣು ಮತ್ತೆ ಒಳಗೇ ಇಳಿಯಿತು ಎಂದು ಹೇಳಿ ಹೋದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ನಾವು ತೆಗೆದ ಹೂಳೂ ಆಗ ಅದೇ ದಂಡೆಯ ಮೇಲೆ ಬೀಳುತ್ತಿತ್ತು. ಆ ವರ್ಷದ ವರದಿಯಲ್ಲಿ ಈ ಕೆಲಸಕ್ಕೆ ಅರ್ಧ ಪುಟ ಮತ್ತು ನಾಲ್ಕು ಫೋಟೋ ಮೀಸಲಾದವು. ನನ್ನ ಪಟ್ಟಿಯ ಪ್ರಕಾರವಾದರೆ ಎರಡೂ ಕಾಲೇಜುಗಳಿಗೆ ಪೂರ್ಣ ಅಂಕ ಸಲ್ಲುತ್ತದೆ.

ಹಾಗಾದರೆ ಯಾವುದನ್ನು ಅಳೆಯಬೇಕು, ಹೇಗೆ ಅಳೆಯಬೇಕು? ಅನುಭವಿಗಳು ದಯವಿಟ್ಟು ಬರೆಯಿರಿ.

ಉತ್ತರ 1: ನಿವೃತ್ತ ಅಧ್ಯಾಪಕ, ಚಿತ್ರದುರ್ಗ

ಹನ್ನೆರಡು ಶಿಬಿರಗಳನ್ನು ನಡೆಸಿದ ಅನುಭವದ ಮೇಲೆ ಹೇಳುತ್ತೇನೆ: ಶಿಬಿರ ಮುಗಿದು ಒಂದು ಮಳೆಗಾಲ ಕಳೆದ ಮೇಲೆ ಆ ಊರಿಗೆ ಹೋಗಿ ನೋಡಿ. ಅಲ್ಲಿ ಏನು ಉಳಿದಿದೆಯೋ ಅದಕ್ಕೆ ಅಂಕ ಕೊಡಿ. ಉಳಿದ ಮಾನದಂಡಗಳೆಲ್ಲ ಇದರ ನಂತರ ಬರಲಿ.

ಸಸಿಗಳ ವಿಷಯವನ್ನೇ ತೆಗೆದುಕೊಳ್ಳಿ. ಪರೀಕ್ಷೆ ಮತ್ತು ರಜೆಗಳ ಲೆಕ್ಕಾಚಾರದಲ್ಲಿ ನಮ್ಮ ಶಿಬಿರಗಳು ಹೆಚ್ಚಾಗಿ ಮಳೆ ನಿಂತ ಮೇಲೆಯೇ ನಡೆಯುತ್ತವೆ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ನೆಲದಲ್ಲಿ ಜನವರಿಯಲ್ಲಿ ನೆಟ್ಟ ಸಸಿಗೆ ಜೂನ್ ತನಕ ನೀರು ಹೊತ್ತು ಹಾಕುವವರು ಬೇಕು. ನಾನೇ ಒಂದು ವರ್ಷ ಇನ್ನೂರು ಸಸಿ ನೆಡಿಸಿ ಅತಿಥಿಗಳಿಂದ ಹೊಗಳಿಕೆ ಪಡೆದಿದ್ದೆ. ಯುಗಾದಿಯ ಹೊತ್ತಿಗೆ ಆ ದಾರಿಯಲ್ಲಿ ಹೋದಾಗ ಗುಂಡಿಗಳೂ ಒಣಗಿದ ಕಡ್ಡಿಗಳೂ ಸಾಲಾಗಿ ನಿಂತಿದ್ದವು. ಮರುವರ್ಷ ನಲವತ್ತೇ ಸಸಿ, ಅದೂ ಆಷಾಢದಲ್ಲಿ, ಒಂದೊಂದನ್ನು ಒಂದೊಂದು ಮನೆಯವರ ಹೆಸರಿಗೆ ಒಪ್ಪಿಸಿ ನೆಟ್ಟೆವು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಂದು ನೆರಳು ಕೊಡುತ್ತಿವೆ. ನಿಮ್ಮ ಪಟ್ಟಿಯಲ್ಲಿ ನನ್ನ ಮೊದಲನೆಯ ವರ್ಷ ಎರಡನೆಯದಕ್ಕಿಂತ ಐದು ಪಟ್ಟು ಮೇಲು.

ಇನ್ನೊಂದು ಕೆಲಸವನ್ನೂ ಹೇಳಬೇಕು. ನಮ್ಮ ಜಿಲ್ಲೆಯ ಹಲವು ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇರುವುದು ಎಲ್ಲರಿಗೂ ತಿಳಿದಿದೆ. ಮಕ್ಕಳ ಹಲ್ಲಿನ ಮೇಲಿನ ಕಂದು ಕಲೆಯೇ ಅದಕ್ಕೆ ಸಾಕ್ಷಿ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ಮೂಲವೇ ಇಲ್ಲದಿದ್ದಾಗ 1.5 ಮಿಲಿಗ್ರಾಂ ತನಕ ಒಪ್ಪಬಹುದು. ರಸಾಯನಶಾಸ್ತ್ರದ ವಿದ್ಯಾರ್ಥಿನಿಯರು ಪರೀಕ್ಷಾ ಕಿಟ್ ಹಿಡಿದು ಒಂದು ಊರಿನ ಎಲ್ಲ ಕೈಪಂಪುಗಳ ನೀರನ್ನೂ ನೋಡಿದರು. ಕಿಟ್ಟಿನ ದ್ರಾವಣದ ಗುಲಾಬಿ ಬಣ್ಣ ಹಳದಿಗೆ ತಿರುಗಿದಷ್ಟೂ ಫ್ಲೋರೈಡ್ ಹೆಚ್ಚು ಎಂಬುದನ್ನು ಹೆಂಗಸರಿಗೆ ಅಲ್ಲೇ ತೋರಿಸಿದರು. ಕುಡಿಯಲು ಬಾರದ ಪಂಪಿಗೆ ಕೆಂಪು ಪಟ್ಟೆ, ಉಳಿದವಕ್ಕೆ ಹಸಿರು ಪಟ್ಟೆ ಬಳಿದರು. ಇದಕ್ಕೆ ಹಿಡಿದದ್ದು ಎರಡು ದಿನ, ಆರು ಜನ, ಎರಡು ಡಬ್ಬಿ ಬಣ್ಣ. ಮೂರು ವರ್ಷದ ಮೇಲೂ ಆ ಊರಿನವರು ಕೆಂಪು ಪಟ್ಟೆಯ ಪಂಪಿನ ನೀರನ್ನು ಪಾತ್ರೆ ತೊಳೆಯಲು ಮಾತ್ರ ಬಳಸುತ್ತಿದ್ದರು. ಈ ಆರು ಜನರ ಕೆಲಸವನ್ನು ನೀವು ಯಾವ ಕಾಲಂನಲ್ಲಿ ಬರೆಯುತ್ತೀರಿ?

ಉತ್ತರ 2: ಐಕ್ಯೂಎಸಿ (ಕಾಲೇಜಿನ ಆಂತರಿಕ ಗುಣಮಟ್ಟ ಭರವಸೆ ಕೋಶ) ಸಂಚಾಲಕಿ

ಹಿರಿಯರ ಮಾತನ್ನು ಗೌರವಿಸುತ್ತಲೇ ಸ್ವಲ್ಪ ಬೇರೆ ಅಭಿಪ್ರಾಯ ಹೇಳುತ್ತೇನೆ. ದಾಖಲೆಯನ್ನು ಹಗುರವಾಗಿ ಕಾಣುವುದು ಬೇಡ. ಜಿಯೋಟ್ಯಾಗ್ (ತೆಗೆದ ಸ್ಥಳದ ಗುರುತು) ಇರುವ ಫೋಟೋ, ಹಾಜರಿ ಪುಸ್ತಕ, ವರದಿ ಇವೆಲ್ಲ ಬಂದ ಮೇಲೆಯೇ ಮಾಡದ ಕೆಲಸವನ್ನು ಮಾಡಿದೆವೆಂದು ತೋರಿಸುವುದು ಕಷ್ಟವಾಯಿತು. ಎನ್‌ಎಸ್‌ಎಸ್‌ನಲ್ಲಿಯೂ ಎರಡು ವರ್ಷಕ್ಕೆ 240 ಗಂಟೆಗಳ ಸೇವೆ ಎಂಬ ಲೆಕ್ಕ ಇರುವುದರಿಂದಲೇ ವಿದ್ಯಾರ್ಥಿಯ ಪ್ರಮಾಣಪತ್ರಕ್ಕೆ ಬೆಲೆ ಬಂದಿದೆ. ದಾಖಲೆ ಎಷ್ಟೇ ಅಚ್ಚುಕಟ್ಟಾಗಿದ್ದರೂ ಕೆಲಸ ನಡೆಯಿತೆಂಬುದನ್ನು ಮಾತ್ರ ಹೇಳುತ್ತದೆ. ಅದರಿಂದ ಊರಿಗೆ ಏನಾಯಿತೆಂಬುದು ಅದರಲ್ಲಿ ಇರುವುದಿಲ್ಲ ಎಂಬುದನ್ನು ಒಪ್ಪುತ್ತೇನೆ.

ಹೊರಗಿನ ಎರಡು ಮಾದರಿಗಳನ್ನು ನಿಮ್ಮ ಸಮಿತಿ ನೋಡಬಹುದು. ಅಮೆರಿಕದಲ್ಲಿ ಎರಡೂ 2006ರಲ್ಲಿಯೇ ಆರಂಭವಾದವು. ಒಂದು, ಅಧ್ಯಕ್ಷರ ಹೆಸರಿನಲ್ಲಿ ಸಮುದಾಯ ಸೇವೆಗಾಗಿ ಕಾಲೇಜುಗಳಿಗೆ ಕೊಡುತ್ತಿದ್ದ ಗೌರವ ಪಟ್ಟಿ. ಕತ್ರಿನಾ ಚಂಡಮಾರುತದ ಪರಿಹಾರಕ್ಕೆ ದುಡಿದ ವಿದ್ಯಾರ್ಥಿಗಳೇ ಅದಕ್ಕೆ ಪ್ರೇರಣೆ. ಸೇವೆಯಲ್ಲಿ ತೊಡಗಿದ ವಿದ್ಯಾರ್ಥಿಗಳ ಸಂಖ್ಯೆಗೂ ಗಂಟೆಗಳಿಗೂ ಅದರಲ್ಲಿ ಮಹತ್ವವಿತ್ತು. ಇನ್ನೊಂದು, ಕಾರ್ನೆಗಿ ಸಂಸ್ಥೆಯ ಹೆಸರಿನ ಸಮುದಾಯ ಸಹಭಾಗಿತ್ವ ವರ್ಗೀಕರಣ. ಅದರಲ್ಲಿ ಮೊದಲು, ಎರಡನೆಯದು ಎಂಬ ಸ್ಥಾನಗಳಿಲ್ಲ. ಅರ್ಜಿ ಹಾಕಬೇಕೆಂಬ ಬಲವಂತವೂ ಇಲ್ಲ. ಕಾಲೇಜು ತನ್ನನ್ನು ತಾನೇ ಪರೀಕ್ಷಿಸಿಕೊಂಡು, ಸಮುದಾಯದೊಂದಿಗೆ ತನ್ನ ಸಂಬಂಧ ಎರಡೂ ಕಡೆಗೆ ಪ್ರಯೋಜನಕಾರಿಯೇ ಎಂಬುದಕ್ಕೆ ಆಧಾರಸಹಿತ ಉತ್ತರ ಬರೆಯಬೇಕು. ನನಗೆ ಎರಡನೆಯದೇ ಹಿಡಿಸುತ್ತದೆ.

ನಮ್ಮಲ್ಲಿ ಎನ್‌ಐಆರ್‌ಎಫ್ (ಕೇಂದ್ರ ಸರ್ಕಾರ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಕೊಡುವ) ಶ್ರೇಯಾಂಕದ ಒಂದು ವಿಭಾಗದ ಹೆಸರಿನಲ್ಲಿ ಔಟ್‌ರೀಚ್ ಎಂಬ ಪದವಿದೆ ಎಂದು ಅನೇಕರು ಅದನ್ನು ಸಮಾಜಸೇವೆಯ ಅಂಕ ಎಂದುಕೊಂಡಿದ್ದಾರೆ. ಅಲ್ಲಿ ನೋಡುವುದು ಹೊರರಾಜ್ಯದವರು, ಮಹಿಳೆಯರು, ಹಿಂದುಳಿದವರು, ಅಂಗವಿಕಲರು ಎಷ್ಟು ಮಂದಿ ಆ ಸಂಸ್ಥೆಯಲ್ಲಿ ಓದುತ್ತಿದ್ದಾರೆ ಎಂಬುದನ್ನು. ಅದು ಮುಖ್ಯವೇ, ಆದರೆ ನೀವು ಹುಡುಕುತ್ತಿರುವುದು ಅದಲ್ಲ.

ಉತ್ತರ 3: ಹಳೆಯ ಸ್ವಯಂಸೇವಕಿ, ಹರಿಹರ

ರಕ್ತದ ಯೂನಿಟ್‌ಗಳ ಲೆಕ್ಕವನ್ನು ದಯವಿಟ್ಟು ತೆಗೆದುಹಾಕಿ. ನಾನು ಓದಿದ್ದು ಮಹಿಳಾ ಕಾಲೇಜಿನಲ್ಲಿ. ರಕ್ತ ಕೊಡಲು ಹಿಮೋಗ್ಲೋಬಿನ್ 12.5 ಗ್ರಾಂ ಇರಬೇಕು, ತೂಕ ಕನಿಷ್ಠ 45 ಕೆಜಿ ಇರಬೇಕು. ನಮ್ಮ ಶಿಬಿರದಲ್ಲಿ ಸಾಲಿನಲ್ಲಿ ನಿಂತಿದ್ದ ಗೆಳತಿಯರಲ್ಲಿ ಬಹುಪಾಲು ಜನರನ್ನು ಬೆರಳ ತುದಿಯ ಹನಿ ನೋಡಿಯೇ ವಾಪಸು ಕಳುಹಿಸಿದರು. ಹಳ್ಳಿಯಿಂದ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಮಂಡಕ್ಕಿ ತಿಂದು ಹೊರಟ ಹುಡುಗಿಯರು ಅವರು. ಒಬ್ಬಳಂತೂ ತಾನೇನೋ ತಪ್ಪು ಮಾಡಿದಂತೆ ಮೂಲೆಯಲ್ಲಿ ಕುಳಿತು ಅತ್ತಳು. ಆ ದಿನ ನಮ್ಮ ಕಾಲೇಜಿನ ಲೆಕ್ಕಕ್ಕೆ ಸೇರಿದ ಯೂನಿಟ್‌ಗಳು ಕೆಲವೇ. ಆದರೆ ಅದಾದ ಮೇಲೆ ನಮ್ಮ ಮೇಡಂ ವಾಪಸು ಬಂದವರ ಪಟ್ಟಿ ಮಾಡಿ, ಆಸ್ಪತ್ರೆಯಿಂದ ಕಬ್ಬಿಣಾಂಶದ ಮಾತ್ರೆ ತರಿಸಿ, ಆರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿದರು. ರಕ್ತದಾನ ಶಿಬಿರದಿಂದ ನಮ್ಮ ಕಾಲೇಜಿನಲ್ಲಿ ಆದ ದೊಡ್ಡ ಸೇವೆ ಅದೇ. ಹುಡುಗರೇ ಹೆಚ್ಚಿರುವ ಕಾಲೇಜು ಅರ್ಧ ದಿನದಲ್ಲಿ ನಮ್ಮನ್ನು ಸೋಲಿಸುವ ಸ್ಪರ್ಧೆಯಲ್ಲಿ ಇದಕ್ಕೆ ಜಾಗವಿರುವುದಿಲ್ಲ.

ಇನ್ನೊಂದು ಮಾತು. ಸೇವೆ ಎಂದ ಕೂಡಲೇ ನಮ್ಮ ಕೈಗೆ ಪೊರಕೆ, ಸಲಿಕೆ ಬರುತ್ತವೆ. ನಾಗರಿಕ ಜವಾಬ್ದಾರಿಯನ್ನು ಕಲಿಸುವ ಕೆಲಸಗಳೂ ಇವೆ. 2022ರಿಂದ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1 ಎಂದು ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ, 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು. ತನ್ನದೇ ತರಗತಿಯಲ್ಲಿ ಪಟ್ಟಿಗೆ ಸೇರದವರನ್ನು ಹುಡುಕಿ ನಮೂನೆ 6 ತುಂಬಿಸಿದ ಕಾಲೇಜು ಯಾವುದು? ತಮ್ಮ ಊರಿನ ಗ್ರಾಮಸಭೆಗೆ ಹೋಗಿ ಕುಳಿತು, ಅಲ್ಲಿ ಏನು ತೀರ್ಮಾನವಾಯಿತೆಂದು ತರಗತಿಯಲ್ಲಿ ಹೇಳಿದ ವಿದ್ಯಾರ್ಥಿಗಳು ಎಷ್ಟು ಜನ? ಇದನ್ನೂ ಕೇಳಿ.

ಉತ್ತರ 4: ಗ್ರಾಮ ಪಂಚಾಯಿತಿ ಸದಸ್ಯ, ಹೊಳಲ್ಕೆರೆ ತಾಲ್ಲೂಕು

ನಮ್ಮ ಊರಿನಲ್ಲಿ ಎರಡು ಶಿಬಿರಗಳು ನಡೆದಿವೆ. ಮಕ್ಕಳು ಬಂದರೆ ಊರಿಗೆ ಸಂತೋಷ. ಅಕ್ಕಿ, ಬೇಳೆ, ತರಕಾರಿ ಎಂದು ಮನೆಮನೆಯಿಂದ ಕೊಟ್ಟಿದ್ದೇವೆ. ಆದರೆ ಯಾವ ಕೆಲಸ ಮಾಡಬೇಕೆಂದು ಶಿಬಿರಕ್ಕೆ ಮುಂಚೆ ನಮ್ಮನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ, ಬೀದಿ ಗುಡಿಸುವ ಬದಲು ವೃದ್ಧಾಪ್ಯ ವೇತನ ನಿಂತುಹೋದ ಮುದುಕರ ಕಾಗದಪತ್ರ ಸರಿ ಮಾಡಿಸಿಕೊಡಿ ಎನ್ನುತ್ತಿದ್ದೆವು. ಎರಡನೆಯ ಸಲ ಬಂದವರು ಮನೆಮನೆ ಸಮೀಕ್ಷೆ ಮಾಡಿ ಶೌಚಾಲಯ, ನೀರು, ಶಾಲೆ ಬಿಟ್ಟ ಮಕ್ಕಳು ಎಲ್ಲ ಬರೆದುಕೊಂಡು ಹೋದರು. ಅದರ ಒಂದು ಪ್ರತಿ ಪಂಚಾಯಿತಿಗೆ ಇಂದಿಗೂ ಬಂದಿಲ್ಲ. ಸಮೀಕ್ಷೆ ಮಾಡಿದ ಕಾಲೇಜಿಗೆ ಅಂಕ ಕೊಡುವ ಮುಂಚೆ ಅದರ ಪ್ರತಿ ಊರಿನಲ್ಲಿ ಇದೆಯೇ ಎಂದು ಒಂದು ಫೋನ್ ಮಾಡಿ ಕೇಳಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಪಂಚಾಯಿತಿ ಸದಸ್ಯರ ಮಾತು ಓದಿ ನಮ್ಮ ಇಲಾಖೆಯ ಕಪಾಟು ತೆರೆದೆ. ನಮ್ಮ ಮಕ್ಕಳು ಮಾಡಿದ ಎರಡು ಸಮೀಕ್ಷೆಗಳ ನಮೂನೆಗಳು ದಾರ ಕಟ್ಟಿದಂತೆಯೇ ಅಲ್ಲಿ ಇದ್ದವು. ಈ ಶನಿವಾರ ಅವುಗಳ ನೆರಳಚ್ಚು ತೆಗೆಸಿ ಆಯಾ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳ (ಪಿಡಿಒ) ಕೈಗೆ ತಲುಪಿಸುತ್ತೇವೆ.

ಕರಡನ್ನು ಹೊಸದಾಗಿ ಬರೆದಿದ್ದೇನೆ. ಸಂಖ್ಯೆಗಳನ್ನು ಕೇಳುವ ಕಾಲಂಗಳು ಹೋಗಿವೆ. ಕಾಲೇಜು ಎರಡು ವರ್ಷಗಳ ಹಿಂದೆ ಮಾಡಿದ ಒಂದೇ ಒಂದು ಕೆಲಸದ ಬಗ್ಗೆ ಬರೆಯಬೇಕು; ಆ ಕೆಲಸವನ್ನು ಯಾರನ್ನು ಕೇಳಿ ಆರಿಸಿಕೊಂಡರು, ಈಗ ಅದು ಹೇಗಿದೆ, ಕೆಟ್ಟಿದ್ದರೆ ಏಕೆ ಕೆಟ್ಟಿತು ಎಂಬುದನ್ನು ವಿದ್ಯಾರ್ಥಿಗಳೇ ಬರೆಯಬೇಕು. ಐಕ್ಯೂಎಸಿ ಸಂಚಾಲಕಿಯವರು ಹೇಳಿದಂತೆ ದಾಖಲೆ ಜೊತೆಗಿರಲಿ. ಸಮಿತಿಯ ಇಬ್ಬರು ಮಳೆಗಾಲ ಮುಗಿದ ಮೇಲೆ ಆ ಊರಿಗೆ ಹೋಗಿ, ಕಾಲೇಜಿನವರು ಜೊತೆಯಲ್ಲಿ ಇಲ್ಲದಾಗ, ಊರಿನವರನ್ನು ಕೇಳಿ ಬರುತ್ತಾರೆ. ಅರ್ಹವಾದ ಕಾಲೇಜುಗಳು ಮೂರಿದ್ದರೆ ಮೂರಕ್ಕೂ ಗೌರವ ಸಲ್ಲುತ್ತದೆ. ಒಂದೂ ಇಲ್ಲದಿದ್ದರೆ ಆ ವರ್ಷ ಯಾರಿಗೂ ಇಲ್ಲ. ಸಮಾರಂಭವನ್ನು ಕಾಲೇಜಿನ ಸಭಾಂಗಣದಲ್ಲಿ ಮಾಡದೆ ಕೆಲಸ ನಡೆದ ಊರಿನಲ್ಲಿಯೇ ಮಾಡಬೇಕೆಂದು ಸಮಿತಿಯ ಹಿರಿಯರೊಬ್ಬರು ಹೇಳಿದ್ದಾರೆ, ನನಗೂ ಅದೇ ಸರಿ ಅನ್ನಿಸಿದೆ.

ಒಂದು ತೊಡಕು ಮಾತ್ರ ಉಳಿದಿದೆ. ಕಾರ್ಯಕ್ರಮಾಧಿಕಾರಿ ಬದಲಾದರೆ ದತ್ತು ಗ್ರಾಮವೂ (ಕಾಲೇಜು ತನ್ನ ಸೇವೆಗೆಂದು ಆರಿಸಿಕೊಂಡ ಊರು) ಬದಲಾಗುವುದು ನಮ್ಮಲ್ಲಿ ರೂಢಿ. ಒಬ್ಬರು ಆರಂಭಿಸಿದ ಊರನ್ನು ಮುಂದಿನವರು ಬಿಡದಂತೆ ಉಳಿಸಿಕೊಂಡಿರುವ ಕಾಲೇಜು ನಿಮ್ಮ ಕಡೆ ಇದ್ದರೆ, ಅದನ್ನು ಅವರು ಹೇಗೆ ಸಾಧಿಸಿದರೆಂದು ಬರೆಯಿರಿ. ಜಗಳೂರಿನ ಆ ಗೋಕಟ್ಟೆಗೆ ಮಾತ್ರ ಈ ವರ್ಷವೇ ಹೋಗುತ್ತೇವೆ. ಹೂಳನ್ನು ಹೊಲಗಳಿಗೆ ಸಾಗಿಸಲು ಟ್ರ್ಯಾಕ್ಟರ್ ಕೊಡುವುದಾಗಿ ಊರಿನ ಇಬ್ಬರು ರೈತರು ನಿನ್ನೆ ಒಪ್ಪಿದ್ದಾರೆ.