ಗೋವಿನಜೋಳದ 5,000 ಅಣ್ಣಗ ಬಂತು, ತಮ್ಮಗ ಬರಲಿಲ್ಲ: ಎಲ್ಲಿ ಸಿಕ್ಕೊಂಡೈತಿ?

ಎರಿಹೊಲ, ಬ್ಯಾಡಗಿ
ನಮಸ್ಕಾರ್ರಿ. 2020ರ ಲಾಕ್‌ಡೌನ್ ಪ್ಯಾಕೇಜಿನಾಗ ರಾಜ್ಯ ಸರ್ಕಾರ ಗೋವಿನಜೋಳಕ್ಕ (ಮೆಕ್ಕೆಜೋಳ) ಕೊಟ್ಟ 5,000 ರೂಪಾಯಿ ಬಗ್ಗೆ. ಒಂದ ಸರ್ವೆ ನಂಬರ, ಎರಡು ಹಿಸ್ಸಾ (ಪಾಲು), ಅಣ್ಣತಮ್ಮರದ್ದು. 2019ರ ಮುಂಗಾರಿಗೆ ಇಬ್ಬರೂ ಗೋವಿನಜೋಳನ ಹಾಕಿದ್ರು. ಅಣ್ಣನ ಖಾತೆಗೆ ಜಮಾ ಆಗೇತಿ, ತಮ್ಮಗ ಇಲ್ಲ. ರೈತ ಸಂಪರ್ಕ ಕೇಂದ್ರದಾಗ "ಪಟ್ಟಿನ್ಯಾಗ ಹೆಸರಿಲ್ಲ" ಅಂತಾರ, ಬ್ಯಾಂಕಿನಾಗ "ಆಧಾರ್ ಲಿಂಕ್ ಐತಿ" ಅಂತಾರ. ಯಾರನ್ನ ಹಿಡೀಬೇಕು? ತಮ್ಮಗ ಬ್ಯಾರೆ ಕಡೆ 20 ಗುಂಟೆ ಮಲ್ಲಿಗಿನೂ ಐತಿ, ಅದರ ಲೆಕ್ಕ ಹ್ಯಾಂಗ?

ಕಾಲಂ ಹನ್ನೆರಡು
ಪಟ್ಟಿಯಲ್ಲೇ ಹೆಸರಿಲ್ಲ ಅಂದ ಮೇಲೆ ಬ್ಯಾಂಕನ್ನು ಸದ್ಯ ಬಿಡಿ. ಈ ಪಟ್ಟಿ ಅರ್ಜಿಯಿಂದ ಆದದ್ದಲ್ಲ, 2019ರ ಮುಂಗಾರಿನ ಬೆಳೆ ಸಮೀಕ್ಷೆಯಿಂದ ತೆಗೆದದ್ದು. ಬೆಳೆ ದರ್ಶಕ ಆ್ಯಪ್‌ನಲ್ಲಿ ಹೋಬಳಿ, ಊರು, ಸರ್ವೆ ನಂಬರು, ಹಿಸ್ಸಾ ಹಾಕಿ ತಮ್ಮನ ಹಿಸ್ಸಾಕ್ಕೆ ಯಾವ ಬೆಳೆ ಬರೆದಿದ್ದಾರೆ ನೋಡಿ. ಫೋಟೋನೂ ತೆರೆಯಿರಿ. ಸಮೀಕ್ಷೆಗೆ ಬಂದ ಹುಡುಗರು ಬದುವಿನ ಮೇಲೇ ನಿಂತು ಫೋಟೋ ಹೊಡೆದಿದ್ದರೆ ಪಕ್ಕದ ಹೊಲದ ಬೆಳೆ ಇವರ ಹಿಸ್ಸಾಕ್ಕೆ ಬಿದ್ದಿರುತ್ತೆ. ಅಕ್ಕಡಿ (ನಡುಸಾಲು) ಹಾಕಿದ ತೊಗರಿಯನ್ನೇ ಮುಖ್ಯ ಬೆಳೆ ಅಂತ ಬರೆದದ್ದೂ ಉಂಟು.

ಬೆಳೆ ಸರಿ ಇದ್ದರೆ ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ನೋಡಿಸಿ. ಐಡಿ ಇದ್ದರೆ ಸಾಲದು, ಈ ಹಿಸ್ಸಾ ಅದರೊಳಗೆ ಸೇರಿರಬೇಕು. ಉತಾರದ (ಪಹಣಿಯ) ಕಾಲಂ 9ರಲ್ಲಿ, ಅಂದರೆ ಮಾಲೀಕನ ಹೆಸರಿರೋ ಕಡೆ, "ಬಸಪ್ಪ", ಆಧಾರದಲ್ಲಿ "ಬಸವರಾಜ" ಅಂತಿದ್ದರೆ ಅಲ್ಲೇ ನಿಂತಿರುತ್ತೆ. ಉತಾರ ಇನ್ನೂ ತೀರಿಹೋದ ಅಪ್ಪನ ಹೆಸರಲ್ಲಿದ್ದರೆ ಮೊದಲು ವಾರಸಾ ಮಾಡಿಸಿ, ಅಂದರೆ ವಾರಸುದಾರರ ಹೆಸರಿಗೆ ಉತಾರ ಬದಲಾಯಿಸಿ.

ಅಂದಹಾಗೆ 5,000 ಎಕರೆಗಲ್ಲ, ಒಬ್ಬ ರೈತನಿಗೆ. ಬೆಂಬಲ ಬೆಲೆ ಕ್ವಿಂಟಲ್‌ಗೆ 1,760 ಇದ್ದಾಗ, ಕೋಳಿ ತಿಂದರೆ ಕೊರೊನಾ ಅನ್ನೋ ಸುಳ್ಳಿಗೆ ಕೋಳಿ ಆಹಾರಕ್ಕೆ ಹೋಗೋ ಗೋವಿನಜೋಳದ ಬೇಡಿಕೆ ಕುಸಿದು ರೈತ ಕಳಕೊಂಡದ್ದರ ಮುಂದೆ ಇದು ಮೂರು ಕ್ವಿಂಟಲ್ ಬೆಲೆಯೂ ಅಲ್ಲ.

ಮಸಾರಿ, ಗದಗ
ಹೂವಿಂದು ತೋಟಗಾರಿಕೆ ಇಲಾಖೆಗೆ ಬರತೈತ್ರಿ, ಕೃಷಿ ಇಲಾಖೆಗಲ್ಲ. ಅದ ಪ್ಯಾಕೇಜಿನಾಗ ಹೂವಿಗೆ ಹೆಕ್ಟೇರಿಗೆ 25,000 ಇತ್ತು, ಹೆಚ್ಚಂದ್ರ ಒಂದು ಹೆಕ್ಟೇರ್, ಅಂದ್ರ 2 ಎಕರೆ 19 ಗುಂಟೆ. 20 ಗುಂಟೆಗೆ ಸುಮಾರು 5,060 ಕೂಡತೈತಿ. ತಾಲ್ಲೂಕು ತೋಟಗಾರಿಕೆ ಕಚೇರಿಗೆ ಹೋಗಿ ಕೇಳ್ರಿ.

ಬ್ಯಾಂಕಿನ ಮಾತು: "ಲಿಂಕ್ ಐತಿ" ಅಂದ್ರ ಎರಡು ಅರ್ಥ. ಖಾತೆಗೆ ಆಧಾರ್ ಪ್ರತಿ ಕೊಟ್ಟಿದ್ದು ಒಂದು, ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಪಟ್ಟಿನ್ಯಾಗ ಆ ಖಾತೆ ಕೂಡಿದ್ದು ಇನ್ನೊಂದು. ರೊಕ್ಕ ಬರೋದು ಎರಡನೇದಕ್ಕ. ಬ್ಯಾಂಕಿಗೆ ಕೊಟ್ಟ ಮೊಬೈಲಿನಿಂದ *99*99*1# ಒತ್ತಿ ಆಧಾರ್ ನಂಬರ ಹಾಕಿದ್ರ ಯಾವ ಬ್ಯಾಂಕ್ ಅಂತ ತೋರಸತೈತಿ. ಕಡೀಕ ಜೋಡಿಸಿದ ಖಾತೆಗೇ ರೊಕ್ಕ ಹೋಗತೈತಿ, ಸಿಮ್ ತಗೊಳ್ಳುವಾಗ ತೆರೆದ ಪೇಮೆಂಟ್ಸ್ ಬ್ಯಾಂಕ್ ಆದ್ರೂ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ಕ್ಕ ಕೆನರಾದಾಗ ಕೂಡಿತು, ಐಎಫ್‌ಎಸ್‌ಸಿ ಬದಲಾದ್ರ ಏನು ಗತಿ ಅಂತ ಭಾಳ ಮಂದಿ ಕೇಳ್ತಾರ. ಆಧಾರ್ ಮ್ಯಾಲೆ ಬರೋ ರೊಕ್ಕಕ್ಕ ಐಎಫ್‌ಎಸ್‌ಸಿ ಬೇಕಿಲ್ಲ.

ಎರಿಹೊಲ, ಬ್ಯಾಡಗಿ
ನೋಡಿದ್ನಿರಿ. ತಮ್ಮನ ಹಿಸ್ಸಾ 2ಕ್ಕ ಹತ್ತಿ ಅಂತ ಬರದಾರ! ಫೋಟೋದಾಗ ಬದು, ಬೇವಿನಗಿಡ, ಆಚಿ ಬಾಜೂದವರ ಹತ್ತಿ. ಗೋವಿನಜೋಳದ ಒಂದು ಗರಿನೂ ಕಾಣವಲ್ದು.

ಕಾಲಂ ಹನ್ನೆರಡು
ಸಿಕ್ತಲ್ಲ. ಆ ಫೋಟೋನೇ ನಿಮ್ಮ ಸಾಕ್ಷಿ, ಮುದ್ರಿಸಿಕೊಳ್ಳಿ. ಜೊತೆಗೆ ಉತಾರ, ಆಧಾರ್, ಬೀಜ ತಂದ ರಸೀದಿ, ಎಪಿಎಂಸಿಯಲ್ಲಿ ಮಾಲು ಮಾರಿದ ಲೆಕ್ಕದ ಚೀಟಿ ಇಟ್ಟು ಸಹಾಯಕ ಕೃಷಿ ನಿರ್ದೇಶಕರಿಗೆ ಒಂದು, ತಹಶೀಲ್ದಾರರಿಗೆ ಒಂದು ಅರ್ಜಿ ಕೊಡಿ. ಸ್ವೀಕೃತಿ ಮುದ್ರೆ ಇಲ್ಲದೆ ಹೊರಗೆ ಬರಬೇಡಿ. ಬಾಯಿಮಾತಲ್ಲಿ "ಸರಿ ಮಾಡ್ತೀವಿ" ಅಂದದ್ದಕ್ಕೆ ದಾಖಲೆ ಇರೋದಿಲ್ಲ. ಹಳೇ ಹಂಗಾಮಿನ ನಮೂದು ಊರ ಮಟ್ಟದಲ್ಲಿ ತಿದ್ದೋಕೆ ಬರಲ್ಲ ಅಂದರೆ, ಆ ಮಾತನ್ನೇ ಬರವಣಿಗೆಯಲ್ಲಿ ಕೇಳಿ.

2020ರ ಮುಂಗಾರಿಂದ ರೈತರೇ ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಫೋಟೋ ಹಾಕಬಹುದು. ತಮ್ಮನಿಗೆ ಹೇಳಿ: ಬದುವಿನಿಂದ ಹತ್ತಿಪ್ಪತ್ತು ಹೆಜ್ಜೆ ಒಳಗೆ ಹೋಗಿ, ಜಿಪಿಎಸ್ ಸ್ಥಿರವಾಗಿ ಜಾಗ ತೋರಿಸಿದ ಮೇಲೆ ಹೊಡೆಯಲಿ.