ಬರೆಯದೆ ಉಳಿದ ಕಥೆಗಳ ವರ್ಷವನ್ನು ಹೇಗೆ ಅಳೆಯುವುದು?

ಪ್ರಶ್ನೆ:
ಕಳೆದ ಯುಗಾದಿಯಂದು ತಿಂಗಳಿಗೊಂದರಂತೆ 12 ಕಥೆಗಳನ್ನು ಬರೆಯಲು ಸಂಕಲ್ಪಿಸಿದ್ದೆ. ಮುಗಿದಿರುವುದು ಎರಡೇ, ಅದರಲ್ಲಿ ದೀಪಾವಳಿ ವಿಶೇಷಾಂಕಕ್ಕೆ ಕಳುಹಿಸಿದ್ದು ಮರಳಿ ಬಂತು. ತಂದೆಯವರ ಅನಾರೋಗ್ಯದಿಂದಾಗಿ ಶಿರಸಿಯ ಬಳಿಯ ನಮ್ಮ ಊರಿನಲ್ಲಿ ಐದು ತಿಂಗಳು ಕಳೆದೆ. ರಾತ್ರಿ ಅಡಿಕೆ ಸುಲಿಯಲು ಬರುತ್ತಿದ್ದವರು ಮೆಟ್ಟುಗತ್ತಿಯ ಮುಂದೆ ಕುಳಿತು ಆಡುತ್ತಿದ್ದ ಮಾತುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೇನೆ, ಅಷ್ಟೆ. ಈ ವರ್ಷ ವ್ಯರ್ಥವಾಯಿತೆಂಬ ನೋವು ಕಾಡುತ್ತಿದೆ.

ಉತ್ತರ 1:
ತಂದೆಯವರ ಆರೈಕೆ ಮಾಡಿದ ತಿಂಗಳುಗಳನ್ನು ದಯವಿಟ್ಟು ನಷ್ಟದ ಲೆಕ್ಕಕ್ಕೆ ಸೇರಿಸಬೇಡಿ. ಅವರು ಈಗ ಹೇಗಿದ್ದಾರೆ?

ಉತ್ತರ 2:
1853ರಲ್ಲಿ ಭಾರತಕ್ಕೆ ಬಂದ ಫರ್ಡಿನೆಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಪ್ರಕಟವಾದದ್ದು 1894ರಲ್ಲಿ. ಸುಮಾರು 70,000 ಪದಗಳ ಆ ಗ್ರಂಥದ ಹಿಂದೆ, ಅಚ್ಚಾದ ಒಂದು ಪುಟವನ್ನೂ ತೋರಿಸಲಾಗದ, ಕೇವಲ ಪದಗಳನ್ನು ಕೂಡಿಡುವುದರಲ್ಲೇ ಸಂದುಹೋದ ವರ್ಷಗಳು ಎಷ್ಟಿದ್ದಿರಬೇಕು! ನಿಮ್ಮ ನೋಟ್‌ಬುಕ್ಕನ್ನು ನಾನು ಅದೇ ಗೌರವದಿಂದ ನೋಡುತ್ತೇನೆ. ಆದರೆ ಸಂಗ್ರಹವೇ ಕಥೆಯಲ್ಲ ಎಂಬುದನ್ನೂ ಹೇಳಬೇಕು. ಮುಂದಿನ ವರ್ಷಕ್ಕೆ ಸಂಖ್ಯೆಯ ಗುರಿಯನ್ನು ಬಿಟ್ಟು, ಅದರಲ್ಲಿ ನಿಮ್ಮನ್ನು ಹೆಚ್ಚು ಕಾಡುವ ಒಂದು ಮಾತಿನಿಂದ ಆರಂಭಿಸಿ.

ಪ್ರಶ್ನೆ ಕೇಳಿದವರು:
ತಂದೆಯವರು ಈಗ ಅಂಗಳದವರೆಗೆ ನಡೆಯುತ್ತಾರೆ. ನಿನ್ನೆ ರಾತ್ರಿ ನೋಟ್‌ಬುಕ್ ತೆರೆದಾಗ, ‘ಗೊನೆ ಕೊಯ್ಯುವವನಿಗೆ ಮರ ಮೊದಲು ಅಂಗಾಲಿಗೆ ಗೊತ್ತಾಗುತ್ತದೆ’ ಎಂದು ಒಬ್ಬ ಹಿರಿಯರು ಹೇಳಿದ್ದ ಮಾತು ಸಿಕ್ಕಿತು. ಅಲ್ಲಿಂದಲೇ ಎರಡು ಪುಟ ಬರೆದಿದ್ದೇನೆ.