ಈ ಮದುವೆಗೆ ನಮ್ಮ ಮನೆಯ ದುಡ್ಡು ಬೇಡ

(ಸಾಗರ ಸೀಮೆಯ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಮೇ ತಿಂಗಳ ಒಂದು ಭಾನುವಾರ ನಡೆದ ಮಾತುಕತೆ. ಮನೆಯವರನ್ನು ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ಹುಡುಗಿಯ ಹೆಸರು, ಊರು ತೆಗೆದಿದ್ದೇನೆ.)

ವಿನಯಣ್ಣ: [ಚಿತ್ರ: ಲಗ್ನಪತ್ರಿಕೆ]

ವಿನಯಣ್ಣ: ಎಲ್ಲರಿಗೂ ನಮಸ್ಕಾರ. ನಮ್ಮ ತೋಟದ ಕೆಲಸಕ್ಕೆ ಬಹಳ ಕಾಲದಿಂದ ಬರುತ್ತಿರುವವನ ಮಗಳ ಮದುವೆ, ಮುಂದಿನ ಗುರುವಾರ, ದೇವಸ್ಥಾನದಲ್ಲಿ. ಅವನ ಕೈ ಖಾಲಿ. ಮನೆಗೆ ಎರಡು ಸಾವಿರದಂತೆ ಸೇರಿಸಿದರೆ ಊಟದ ಖರ್ಚು ಕಳೆದು ಒಂದು ಜೊತೆ ಓಲೆಯೂ ಆಗುತ್ತದೆ. ನನ್ನ ನಂಬರಿಗೆ ಹಾಕಿ.

ಗೀತತ್ತೆ: ಒಳ್ಳೆಯ ಕೆಲಸ ಕೈಗೆತ್ತಿಕೊಂಡೆ. ಬಡವರ ಮನೆಯ ಕನ್ಯಾದಾನಕ್ಕೆ ನೆರವಾದ ಪುಣ್ಯ ಎಲ್ಲೂ ಹೋಗುವುದಿಲ್ಲ. ಹಾಕಿದ್ದೇನೆ ನೋಡು.

ಚಿಕ್ಕಪ್ಪ (ಬೆಂಗಳೂರು): ಐದು ಸಾವಿರ ಹಾಕಿದ್ದೇನೆ. ಅಡುಗೆಯವರನ್ನು ಗೊತ್ತು ಮಾಡಿಯಾಯಿತೇ?

ನಾನು: ವಿನಯಣ್ಣ, ಈ ಹುಡುಗಿ ಮೊನ್ನೆ ತಾನೇ ಎಸ್ಸೆಸ್ಸೆಲ್ಸಿ ಪಾಸಾದವಳು. ಫಲಿತಾಂಶ ಬಂದ ದಿನ ಅವಳ ಅಮ್ಮನ ಮೊಬೈಲಿನಿಂದ ನನಗೆ ಅಂಕಪಟ್ಟಿಯ ಫೋಟೋ ಕಳಿಸಿದ್ದಳು. 625ಕ್ಕೆ 468. ‘ಅಕ್ಕ, ಕಾಮರ್ಸ್ ತೆಗೆದುಕೊಳ್ಳಲೇ, ಆರ್ಟ್ಸೇ ಸಾಕೇ’ ಎಂದು ಕೇಳಿದ್ದಳು. ಆಮೇಲೆ ಆ ನಂಬರಿನಿಂದ ಮಾತೇ ಇಲ್ಲ. ಯಾಕೆಂದು ಈಗ ಗೊತ್ತಾಯಿತು. ಅಂಕಪಟ್ಟಿಯಲ್ಲಿ ಹುಟ್ಟಿದ ತಾರೀಖು ಇದೆ. ಬರುವ ಆಗಸ್ಟಿಗೆ ಅವಳಿಗೆ ಹದಿನಾರು ತುಂಬುತ್ತದೆ. ದಯವಿಟ್ಟು ಯಾರೂ ಇನ್ನು ದುಡ್ಡು ಹಾಕಬೇಡಿ.

ವಿನಯಣ್ಣ: ಆಧಾರ್ ಕಾರ್ಡಿನಲ್ಲಿ ಹದಿನೆಂಟು ಆಗಿದೆ ಎಂದು ಅವಳ ಅಪ್ಪನೇ ತೋರಿಸಿದ. ನಾನು ಕಣ್ಣಾರೆ ನೋಡಿದ್ದೇನೆ.

ನಾನು: ಆಧಾರ್ ವಯಸ್ಸಿನ ದಾಖಲೆಯಲ್ಲ ಎಂದು 2024ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಬಾಲನ್ಯಾಯ ಕಾಯ್ದೆಯ ಪ್ರಕಾರ ಮೊದಲು ನೋಡಬೇಕಾದದ್ದು ಶಾಲೆಯ ಜನ್ಮ ದಿನಾಂಕದ ದಾಖಲೆ ಅಥವಾ ಎಸ್ಸೆಸ್ಸೆಲ್ಸಿ ಪ್ರಮಾಣಪತ್ರ. ಅದಿಲ್ಲದಿದ್ದರೆ ಪಂಚಾಯಿತಿ, ಪುರಸಭೆಯ ಜನನ ಪ್ರಮಾಣಪತ್ರ. ಅದೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ಈ ಲಗ್ನಪತ್ರಿಕೆಯನ್ನೇ ಇನ್ನೊಮ್ಮೆ ನೋಡಿ. ಎರಡೂ ಕಡೆಯ ಎಲ್ಲರ ಹೆಸರೂ ಇದೆ, ವಧೂವರರ ವಯಸ್ಸು ಮಾತ್ರ ಇಲ್ಲ. ವರನಿಗೆ ಎಷ್ಟು?

ವಿನಯಣ್ಣ: ಮೂವತ್ತೆರಡು ಇರಬಹುದು.

ದೊಡ್ಡಪ್ಪ: ಪುಟ್ಟಿ, ನೀನು ಮಕ್ಕಳಿಗೆ ಪಾಠ ಹೇಳುವವಳು, ನಿನ್ನ ಮಾತು ಪುಸ್ತಕದಲ್ಲಿ ಸರಿ. ನಿನ್ನ ಅಜ್ಜಿ ಈ ಮನೆಯ ಹೊಸಿಲು ದಾಟಿದಾಗ ಅವಳಿಗೆ ಹನ್ನೆರಡು. ಏನು ಕಡಿಮೆಯಾಯಿತು? ಎಂಟು ಮಕ್ಕಳನ್ನು ಹೆತ್ತಳು, ತೋಟ ನೋಡಿಕೊಂಡಳು, ತೊಂಬತ್ತರವರೆಗೆ ಬದುಕಿದಳು. ಆಗಿನ ಕಾಲಕ್ಕೆ ಕಾನೂನೂ ಇರಲಿಲ್ಲ, ಕೇಸೂ ಇರಲಿಲ್ಲ.

ನಾನು: ಎಂಟು ಹೆತ್ತಳು ದೊಡ್ಡಪ್ಪ, ಉಳಿದದ್ದು ಐದು. ಮೊದಲ ಎರಡು ಬಾಣಂತನದ ಕೋಣೆಯಲ್ಲೇ ಹೋದವು. ಅವಳಿಗೆ ಆಗ ಹದಿನೈದೂ ದಾಟಿರಲಿಲ್ಲ. ಅಜ್ಜಿ ಅದನ್ನು ಗಂಡಸರ ಎದುರು ಹೇಳುತ್ತಿರಲಿಲ್ಲ, ನಮ್ಮ ಹತ್ತಿರ ಹೇಳುತ್ತಿದ್ದಳು. ಕಾನೂನು ಇರಲಿಲ್ಲ ಎನ್ನುವುದೂ ಸರಿಯಲ್ಲ. ಬ್ರಿಟಿಷ್ ಇಂಡಿಯಾದಲ್ಲಿ ಬಾಲ್ಯವಿವಾಹ ತಡೆಯುವ ಶಾರದಾ ಕಾಯ್ದೆ ಬಂದದ್ದು 1929ರಲ್ಲಿ. ಅದಕ್ಕೂ 35 ವರ್ಷ ಮೊದಲೇ, 1894ರಲ್ಲಿ, ನಮ್ಮ ಮೈಸೂರು ಸಂಸ್ಥಾನ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತ್ತು. ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗಬಾರದು ಎಂದೂ ಅದರಲ್ಲಿತ್ತು. ಶಿವಮೊಗ್ಗ ಆಗ ಮೈಸೂರು ಸಂಸ್ಥಾನದ್ದೇ ಜಿಲ್ಲೆ. ನಮ್ಮ ಮುತ್ತಜ್ಜನ ಕಾಲದಲ್ಲೇ ಇದು ತಪ್ಪು ಎಂದು ಹೇಳಿದವರಿದ್ದರು.

ಗೀತತ್ತೆ: ಅದೆಲ್ಲ ಎಂಟು ವರ್ಷದ ಕೂಸಿನ ಮಾತು. ಇವಳು ಎದೆಯೆತ್ತರ ಬೆಳೆದವಳು. ನೀನು ಊರಲ್ಲಿ ಇರುವವಳಲ್ಲ, ನಿನಗೆ ಗೊತ್ತಿಲ್ಲ. ಅವರ ಮನೆ ರಸ್ತೆಯಿಂದ ಎಷ್ಟು ಒಳಗಿದೆ! ಅಪ್ಪ ಅಮ್ಮ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ಕತ್ತಲಾದ ಮೇಲೆ. ಸುತ್ತ ಇನ್ನೊಂದು ಮನೆ ಇಲ್ಲ. ಹೋದ ವರ್ಷ ಪಕ್ಕದ ಊರಿನ ಹುಡುಗಿ ಒಬ್ಬನ ಜೊತೆ ಹೊರಟುಹೋಗಿ ಏನು ರಂಪವಾಯಿತು ಎಂದು ನಮಗೆ ಗೊತ್ತು. ಬೆಳೆದ ಮಗಳನ್ನು ಅಂಥ ಮನೆಯಲ್ಲಿ ಇಟ್ಟುಕೊಳ್ಳುವುದೆಂದರೆ ಸೆರಗಿನಲ್ಲಿ ಕೆಂಡ ಕಟ್ಟಿಕೊಂಡ ಹಾಗೆ. ಹೆತ್ತವರ ಹೆದರಿಕೆಯನ್ನು ನೀನು ಅಪರಾಧ ಎನ್ನುತ್ತೀಯಾ?

ನಾನು: ಹೆದರಿಕೆ ಅಪರಾಧವಲ್ಲ ಅತ್ತೆ. ಆ ಹೆದರಿಕೆ ನಿಜವಾದದ್ದು ಎಂದು ನಾನೂ ಒಪ್ಪುತ್ತೇನೆ. ಪಿಯು ಕಾಲೇಜು ಇರುವುದು ಪೇಟೆಯಲ್ಲಿ. ಸಂಜೆಯ ಬಸ್ಸು ತಪ್ಪಿದರೆ ಆಮೇಲೆ ಬಸ್ಸಿಲ್ಲ. ಮಳೆಗಾಲದಲ್ಲಿ ಐದು ಗಂಟೆಗೇ ಕಾಡುದಾರಿ ಕತ್ತಲಾಗುತ್ತದೆ, ಹಳ್ಳ ತುಂಬಿದರೆ ದಾಟುವ ಸಂಕವೂ ಕಾಣುವುದಿಲ್ಲ. ನಮ್ಮ ಕಡೆ ಎಷ್ಟೋ ಹುಡುಗಿಯರ ಓದು ನಿಲ್ಲುವುದು ಹತ್ತನೆಯ ತರಗತಿ ಮುಗಿದ ಈ ಎರಡು ತಿಂಗಳಿನಲ್ಲೇ. ಶಾಲೆಗೆ ಹೋಗುತ್ತಿರುವವರೆಗೂ ಮದುವೆಯ ಮಾತು ಎತ್ತಲು ಜನ ಹಿಂದೆಮುಂದೆ ನೋಡುತ್ತಾರೆ. ಮನೆಯಲ್ಲಿ ಕೂತಳು ಎಂದು ಗೊತ್ತಾದ ಮರುದಿನವೇ ದಲ್ಲಾಳಿಗಳು ಬರುತ್ತಾರೆ. ಆದರೆ ಹೆದರಿಕೆಗೆ ಪರಿಹಾರ ಹಾಸ್ಟೆಲು ಅತ್ತೆ, ಮೂವತ್ತೆರಡು ವರ್ಷದ ಗಂಡನಲ್ಲ. ಮೆಟ್ರಿಕ್ ನಂತರದ ಬಾಲಕಿಯರ ಸರ್ಕಾರಿ ವಿದ್ಯಾರ್ಥಿನಿಲಯಗಳಲ್ಲಿ ಊಟ, ವಸತಿ ಎರಡೂ ಉಚಿತ. ಮನೆಗೆ ಬಂದುಹೋಗಲು 2023ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳು ದುಡ್ಡು ಕೊಡಬೇಕಾಗಿಲ್ಲ.

ವಿನಯಣ್ಣ: ಹುಡುಗನ ಕಡೆಯವರ ಕಷ್ಟವನ್ನೂ ನೋಡು. ಐದು ಎಕರೆ ಅಡಿಕೆ ತೋಟ, ಒಳ್ಳೆಯ ಮನೆ, ಕುಡಿತವಿಲ್ಲ. ಏಳೆಂಟು ವರ್ಷದಿಂದ ಹೆಣ್ಣು ಹುಡುಕುತ್ತಿದ್ದಾರೆ. ಓದಿದ ಹುಡುಗಿಯರೆಲ್ಲ ಬೆಂಗಳೂರಿನ ಕೆಲಸದವನೇ ಬೇಕು ಎನ್ನುತ್ತಾರೆ. ತೋಟದ ಹುಡುಗರು ಏನು ಮಾಡಬೇಕು? ನನ್ನ ಜೊತೆ ಓದಿದವರಲ್ಲೇ ಎಷ್ಟು ಜನ ನಲವತ್ತಾದರೂ ಒಂಟಿಯಾಗಿದ್ದಾರೆ ಎಂದು ನಿನಗೂ ಗೊತ್ತು. ಇವರೇ ವರದಕ್ಷಿಣೆ ಬೇಡ ಎಂದು ಮುಂದೆ ಬಂದಿದ್ದಾರೆ.

ನಾನು: ತೋಟದ ಹುಡುಗರ ಕಷ್ಟ ನನಗೂ ಗೊತ್ತು, ನನ್ನ ಸ್ವಂತ ತಮ್ಮನೂ ಅದನ್ನೇ ಅನುಭವಿಸುತ್ತಿದ್ದಾನೆ. ಆದರೆ ಬೇಡ ಎನ್ನಲು ಬಾಯಿರುವ ಹುಡುಗಿಯರು ಬೇಡ ಎಂದದ್ದಕ್ಕೆ, ಬಾಯಿಲ್ಲದ ಒಬ್ಬಳನ್ನು ಹುಡುಕಿ ತರುವುದು ಯಾವ ನ್ಯಾಯ? ದಲ್ಲಾಳಿ ಬಡವರ ಮನೆಯನ್ನೇ ಯಾಕೆ ಹುಡುಕುತ್ತಾನೆ ಎಂದು ಯೋಚಿಸು. ಐದು ಎಕರೆಯ ಮನೆಯವರು ತಮ್ಮ ಸರೀಕರ ಮನೆಯ ಹದಿನೈದು ವರ್ಷದ ಹುಡುಗಿಯನ್ನು ಕೇಳುವ ಧೈರ್ಯ ಮಾಡುತ್ತಿದ್ದರೇ? ನಮ್ಮ ಮನೆಗೆ ಬಂದು, ನಿನ್ನ ಮಗಳನ್ನು ಕೇಳುತ್ತಿದ್ದರೇ? ಅವಳೂ ಈಗ ಒಂಬತ್ತನೆಯ ತರಗತಿ.

ವಿನಯಣ್ಣ: ನನ್ನ ಮಗಳ ಮಾತನ್ನು ಇಲ್ಲಿಗೆ ತರಬೇಡ.

ನಾನು: ತರುತ್ತೇನೆ ಅಣ್ಣ. ಆ ಇಬ್ಬರ ನಡುವೆ ಒಂದೇ ವರ್ಷದ ಅಂತರ. ರಜೆಯಲ್ಲಿ ಇಬ್ಬರೂ ನಮ್ಮ ಅಂಗಳದಲ್ಲೇ ಕುಂಟೆಬಿಲ್ಲೆ ಆಡಿದವರು.

ಶ್ರೀಪಾದ ಭಾವ: ವಕೀಲನಾಗಿ ಒಂದು ಮಾತು ಹೇಳಬೇಕು, ಬೇಸರಪಟ್ಟುಕೊಳ್ಳಬೇಡಿ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಲ್ಲಿ ಇಂಥ ಮದುವೆ ತನಗೆ ತಾನೇ ಅಸಿಂಧುವಲ್ಲ. ಹುಡುಗಿಯೋ ಹುಡುಗನೋ ಕೋರ್ಟಿಗೆ ಹೋಗಿ ರದ್ದು ಮಾಡಿಸಿಕೊಳ್ಳಬೇಕು, ಅದಕ್ಕೂ ವಯಸ್ಕರಾದ ಮೇಲೆ ಎರಡೇ ವರ್ಷದ ಅವಧಿ. ಆದರೆ ನಮ್ಮ ರಾಜ್ಯದ ಮಾತು ಬೇರೆ. ನ್ಯಾಯಮೂರ್ತಿ ಶಿವರಾಜ ಪಾಟೀಲ ಸಮಿತಿ 2011ರಲ್ಲಿ ಕೊಟ್ಟ ವರದಿಯ ನಂತರ ಕರ್ನಾಟಕ ಈ ಕಾಯ್ದೆಗೆ ತಿದ್ದುಪಡಿ ತಂದಿತು. 2017ರಿಂದ ಇಲ್ಲಿ ನಡೆಯುವ ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು. ತಾಳಿ ಕಟ್ಟಿದರೂ ಕಾನೂನಿನ ಕಣ್ಣಿಗೆ ಮದುವೆಯೇ ಆಗಿಲ್ಲ. ವಿನಯ, ಇದನ್ನು ನೀನು ಹುಡುಗನ ಕಡೆಯವರಿಗೆ ಹೇಳಿದ್ದೀಯಾ? ಅದೇ ವರ್ಷ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ತೀರ್ಪು ಕೊಟ್ಟಿತು. ಹದಿನೆಂಟರೊಳಗಿನವಳು ಹೆಂಡತಿಯೇ ಆದರೂ ಅವಳ ಜೊತೆಗಿನ ಲೈಂಗಿಕ ಸಂಪರ್ಕ ಅತ್ಯಾಚಾರ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೋ ಕಾಯ್ದೆಯೂ ಇದೆ. ಐದು ಎಕರೆಯ ಹುಡುಗ ಸೀದಾ ಜೈಲಿಗೆ ಹೋಗುತ್ತಾನೆ.

ದೊಡ್ಡಪ್ಪ: ಹಾಗಾದರೆ ಮದುವೆ ಆದ ಮೇಲೆ ಆ ಹುಡುಗಿಯ ಗತಿ ಏನು ಶ್ರೀಪಾದ? ಹೆಂಡತಿಯೂ ಅಲ್ಲ, ಕನ್ಯೆಯೂ ಅಲ್ಲ. ನಿಮ್ಮ ಕಾನೂನು ಅವಳನ್ನು ಬೀದಿಗೆ ಬಿಟ್ಟ ಹಾಗಾಯಿತು.

ಶ್ರೀಪಾದ ಭಾವ: ಮಾವ, ನೀವು ಕೇಳಿದ್ದು ನ್ಯಾಯವಾದ ಪ್ರಶ್ನೆ. ಜೀವನಾಂಶಕ್ಕೆ ಕಾಯ್ದೆಯಲ್ಲಿ ಅವಕಾಶವಿದೆ, ಆದರೆ ಅದನ್ನು ಕೋರ್ಟಿನಲ್ಲಿ ಪಡೆಯುವಷ್ಟರಲ್ಲಿ ಹುಡುಗಿ ಹಣ್ಣಾಗಿರುತ್ತಾಳೆ. ಅದಕ್ಕೇ ತಾಳಿ ಕಟ್ಟುವ ಮೊದಲೇ ನಿಲ್ಲಿಸಬೇಕು ಎನ್ನುವುದು. ಮ್ಯಾಜಿಸ್ಟ್ರೇಟರು ತಡೆಯಾಜ್ಞೆ ಕೊಡಬಹುದು. ಗುರುವಾರಕ್ಕೆ ಇನ್ನೂ ಸಮಯವಿದೆ.

ರಶ್ಮಿ: ನಾನು ಇಷ್ಟು ಹೊತ್ತು ಡ್ಯೂಟಿಯಲ್ಲಿದ್ದೆ, ಈಗ ಎಲ್ಲ ಓದಿದೆ. ದೊಡ್ಡಪ್ಪ, ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುವವಳ ಮಾತನ್ನೂ ಕೇಳಿ. ಇಂಥ ಹುಡುಗಿಯರು ಬಂದಾಗ ನಾವು ಮೊದಲು ನೋಡುವುದು ತಾಯಿ ಕಾರ್ಡು. ಅದರಲ್ಲಿ ವಯಸ್ಸು 19 ಎಂದೇ ಇರುತ್ತದೆ. ಯಾವಾಗಲೂ 19. ಮುಖ ನೋಡಿದರೆ ಗೊತ್ತಾಗುತ್ತದೆ. ನಿಜವಾದ ವಯಸ್ಸು ಹೇಳಿದರೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಲೇಬೇಕು, ಆದ್ದರಿಂದ ಮನೆಯವರು ಆರೇಳು ತಿಂಗಳವರೆಗೆ ಪರೀಕ್ಷೆಗೇ ಕರೆತರುವುದಿಲ್ಲ. ಕಬ್ಬಿಣದ ಮಾತ್ರೆ ಇಲ್ಲ, ಬಿಪಿ ನೋಡಿದವರಿಲ್ಲ. ಹೋದ ಮಳೆಗಾಲದಲ್ಲಿ ಬಂದ ಒಬ್ಬಳ ರಕ್ತದ ಅಂಶ (ಹಿಮೋಗ್ಲೋಬಿನ್) ಬರೀ 6.8 ಇತ್ತು. ಗರ್ಭನಂಜಾಗಿ ಮೈಯೆಲ್ಲ ಬಾತು, ಜೀಪಿನಲ್ಲೇ ಫಿಟ್ಸ್ ಬಂದಿತ್ತು. ಅವಳು ಉಳಿದಳು, ಮಗು ಉಳಿಯಲಿಲ್ಲ. ವಾರ್ಡಿನಲ್ಲಿ ಅವಳು ಕೇಳಿದ್ದು ಒಂದೇ, ‘ಸಿಸ್ಟರ್, ಇನ್ನು ನಾನು ಅಮ್ಮನ ಮನೆಗೆ ಹೋಗಬಹುದಾ?’ ಅಜ್ಜಿ ತೊಂಬತ್ತು ಬದುಕಿದಳು ಎನ್ನುತ್ತೀರಿ. ಬದುಕಿದವರು ಕಣ್ಣಿಗೆ ಕಾಣುತ್ತಾರೆ ದೊಡ್ಡಪ್ಪ, ಹದಿನಾರಕ್ಕೆ ಹೋದವರನ್ನು ಯಾರೂ ಉದಾಹರಣೆ ಕೊಡುವುದಿಲ್ಲ.

ಚಿಕ್ಕಪ್ಪ (ಬೆಂಗಳೂರು): ಇದು ಉತ್ತರ ಕರ್ನಾಟಕದ ಕಡೆಯ ಸಮಸ್ಯೆ ಎಂದುಕೊಂಡಿದ್ದೆ. ನಮ್ಮ ಮಲೆನಾಡಿನಲ್ಲಿ, ಇಷ್ಟು ಓದಿದ ಜಿಲ್ಲೆಯಲ್ಲೂ ಇದೆಯೇ?

ನಾನು: ಇದೆ ಚಿಕ್ಕಪ್ಪ. ಉತ್ತರದ ಕೆಲವು ಜಿಲ್ಲೆಗಳಷ್ಟು ಇಲ್ಲದಿರಬಹುದು, ಆದರೆ ಕಡಿಮೆ ಇದೆ ಎಂಬ ಸಮಾಧಾನದಲ್ಲೇ ಇಲ್ಲಿ ಯಾರೂ ನೋಡುವುದಿಲ್ಲ. ಒಟ್ಟು ರಾಜ್ಯದ ಲೆಕ್ಕ ಹೇಳುತ್ತೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು ಶೇ. 21 ಮಂದಿಗೆ ಹದಿನೆಂಟರೊಳಗೇ ಮದುವೆಯಾಗಿತ್ತು. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲೂ ಹೆಚ್ಚುಕಡಿಮೆ ಅಷ್ಟೇ. ದೇಶದ ಸರಾಸರಿ ಇಳಿಯಿತು, ನಮ್ಮದು ಕದಲಲಿಲ್ಲ. ಅಷ್ಟು ಕಟುವಾದ ಕಾನೂನು ಇಟ್ಟುಕೊಂಡೂ ಯಾಕೆ ಹೀಗೆ? ಯಾಕೆಂದರೆ ಪ್ರತಿ ಮದುವೆಗೂ ನಮ್ಮಂಥ ಒಂದು ಮನೆ ಊಟದ ಖರ್ಚು ಕೊಡುತ್ತದೆ. ಪುರೋಹಿತರು ಕೇಳುವುದಿಲ್ಲ, ಪತ್ರಿಕೆ ಮುದ್ರಿಸುವವರು ಕೇಳುವುದಿಲ್ಲ, ಶಾಮಿಯಾನದವರು ಕೇಳುವುದಿಲ್ಲ. ಬಾಲ್ಯವಿವಾಹ ನಡೆಸುವವರಿಗೆ ಮಾತ್ರವಲ್ಲ, ಕುಮ್ಮಕ್ಕು ಕೊಡುವವರಿಗೂ ಎರಡು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ ಇದೆ. ಆದರೆ ನಾನು ದಂಡಕ್ಕೆ ಹೆದರಿ ಈ ಮಾತು ಹೇಳುತ್ತಿಲ್ಲ. ಆ ಹುಡುಗಿ ನನ್ನನ್ನು ಅಕ್ಕ ಎಂದು ಕರೆದು ಮುಂದಿನ ಓದಿನ ಬಗ್ಗೆ ಕೇಳಿದ್ದಾಳೆ.

ದೊಡ್ಡಪ್ಪ: ಅವನಿಗೆ ಅರವತ್ತು ಸಾವಿರ ಸಾಲವಿದೆ ಪುಟ್ಟಿ. ಹುಡುಗನ ಕಡೆಯವರು ತೀರಿಸುತ್ತೇವೆ ಎಂದಿದ್ದಾರೆ. ನೀನು ಮದುವೆ ನಿಲ್ಲಿಸಿ ಹೊರಟುಹೋಗುತ್ತೀಯ. ಆಮೇಲೆ?

ನಾನು: ಆ ಸಾಲ ಯಾರಿಗೆ ಕೊಡಬೇಕಾದದ್ದು, ದೊಡ್ಡಪ್ಪ?

ನಾನು: ನಮಗೇ. ಮನೆಯ ಮಾಡು ಸರಿಮಾಡಿಸಲು, ಅವನ ಹೆಂಡತಿಯ ಆಪರೇಷನ್ನಿಗೆ, ಅಡಿಕೆಯ ಕೊನೆಕೊಯ್ಲಿಗೆ ಮೊದಲು ಮುಂಗಡವೆಂದು ತೆಗೆದುಕೊಂಡದ್ದು. ಲೆಕ್ಕದ ಪುಸ್ತಕ ನಮ್ಮ ಜಗುಲಿಯ ಪೆಟ್ಟಿಗೆಯಲ್ಲಿದೆ. ಅವಳನ್ನು ಈ ಮದುವೆಗೆ ನೂಕುತ್ತಿರುವ ಒತ್ತಡದಲ್ಲಿ ಆ ಪುಸ್ತಕದ ಒಂದು ಪುಟವೂ ಸೇರಿದೆ. ಊಟಕ್ಕೆ ಹಣ ಕೂಡಿಸುವ ಬದಲು ಆ ಪುಟಕ್ಕೆ ಗೀಟು ಹಾಕೋಣ. ನನ್ನ ಪಾಲಿನದು ಇಪ್ಪತ್ತು ಸಾವಿರ ನಾನು ಕೊಡುತ್ತೇನೆ.

ಗೀತತ್ತೆ: ಹಿರಿಯರ ಹತ್ತಿರ ಲೆಕ್ಕ ಕೇಳುವಷ್ಟು ದೊಡ್ಡವಳಾದೆಯಾ?

ರಶ್ಮಿ: ನನ್ನದು ಹತ್ತು ಸಾವಿರ ಬರೆದುಕೊಳ್ಳಿ.

ಚಿಕ್ಕಪ್ಪ (ಬೆಂಗಳೂರು): ನಾನು ಹಾಕಿದ ಐದನ್ನೂ ಇದಕ್ಕೇ ಸೇರಿಸಿ. ಉಳಿದದ್ದನ್ನು ಅಣ್ಣನ ಜೊತೆ ಮಾತಾಡುತ್ತೇನೆ.

ದೊಡ್ಡಪ್ಪ: ಸಾಲದ ಮಾತು ಗುಂಪಿನಲ್ಲಿ ಬೇಡ. ನಾಳೆ ಬೆಳಿಗ್ಗೆ ಅವನನ್ನು ಬರಹೇಳುತ್ತೇನೆ. ಹುಡುಗಿಗೆ ಹದಿನೆಂಟು ಆಗಲಿ, ಅಲ್ಲಿಯವರೆಗೆ ತಡೆ ಎಂದು ನಾನೇ ಹೇಳುತ್ತೇನೆ. ಒಂದು ಮುಚ್ಚಳಿಕೆ ಬರೆಸಿಕೊಳ್ಳೋಣ. ಸರ್ಕಾರದವರು, ಪೊಲೀಸರು ಯಾರೂ ಬರುವುದು ಬೇಡ. ಊರಲ್ಲಿ ನಾಲ್ಕು ಜನರ ಎದುರು ಅವನ ಮಾನ ಹೋಗುತ್ತದೆ.

ನಾನು: ನೀವು ಹೇಳುತ್ತೇನೆ ಎಂದದ್ದು ದೊಡ್ಡದು. ನಿಮ್ಮ ಮಾತಿಗೆ ಅವನು ಕೊಡುವ ಬೆಲೆ ನನ್ನ ಮಾತಿಗಿಲ್ಲ. ಆದರೆ ನಾವು ನಾವೇ ಬರೆಸಿಕೊಂಡ ಮುಚ್ಚಳಿಕೆ ಸಾಲದು. ಕಾಗದಕ್ಕೆ ಸಹಿ ಹಾಕಿ, ಹದಿನೈದು ದಿನ ಬಿಟ್ಟು, ಘಟ್ಟದ ಕೆಳಗಿನ ಯಾವುದೋ ದೇವಸ್ಥಾನದಲ್ಲಿ ಬೆಳಗಿನ ಜಾವ ತಾಳಿ ಕಟ್ಟಿಸಿದ್ದನ್ನು ನಾನು ನನ್ನ ವಿದ್ಯಾರ್ಥಿನಿಯೊಬ್ಬಳ ವಿಷಯದಲ್ಲೇ ನೋಡಿದ್ದೇನೆ. ಮಧ್ಯಾಹ್ನವೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ ತಿಳಿಸಿದ್ದೇನೆ, ದೊಡ್ಡಪ್ಪ. ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯವರು ನಾಳೆ ಅವರ ಮನೆಗೆ ಹೋಗುತ್ತಾರೆ. ನಾನೂ ಮೊದಲ ಬಸ್ಸಿಗೆ ಬರುತ್ತಿದ್ದೇನೆ.

ದೊಡ್ಡಪ್ಪ: ನನ್ನನ್ನು ಒಂದು ಮಾತು ಕೇಳದೆ?

ನಾನು: ಹೌದು, ಕೇಳದೆ. ನೀವು ಬೇಡ ಎಂದಿದ್ದರೂ ಮಾಡುತ್ತಿದ್ದೆ. ನಿಮ್ಮ ಸಿಟ್ಟನ್ನು ನಾಳೆ ಎದುರು ನಿಂತೇ ಕೇಳಿಸಿಕೊಳ್ಳುತ್ತೇನೆ.

ಗೀತತ್ತೆ: ವಿನಯ, ನನ್ನ ಎರಡು ಸಾವಿರ ವಾಪಸ್ ಹಾಕು. ಮದುವೆ ಮುರಿಯುವ ಕೆಲಸಕ್ಕೆ ನನ್ನ ದುಡ್ಡು ಬೇಡ.

ವಿನಯಣ್ಣ: ಹಾಕಿದ್ದೇನೆ ಅತ್ತೆ.

ವಿನಯಣ್ಣ: ನಾಳೆ ನಾನು ಅವರ ಮನೆಗೆ ಬರಬೇಕೇ?

ನಾನು: ಬಾ ಅಣ್ಣ. ಹುಡುಗನ ಕಡೆಯವರಿಗೆ ಫೋನ್ ಮಾಡಬೇಕಾದವನು ನೀನೇ, ನಿನಗೆ ಅವರ ಪರಿಚಯವಿದೆ. ಶ್ರೀಪಾದ ಭಾವ ಬರೆದದ್ದನ್ನು ಹಾಗೆಯೇ ಓದಿ ಹೇಳು. ಆಮೇಲೆ ಶಾಲೆಯಿಂದ ಟಿಸಿ ತೆಗೆದುಕೊಂಡು, ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಅವೆರಡು ಇಲ್ಲದೆ ಹಾಸ್ಟೆಲಿನವರು ಅರ್ಜಿ ತೆಗೆದುಕೊಳ್ಳುವುದಿಲ್ಲ. ನಿನ್ನ ಬೈಕು ಇರಲಿ.